ಊರಿಗೆಲ್ಲ ಒಂದೇ ಹರುಕು

ಆ ಊರು ಯಾವ ದಿಕ್ಕಿಗಿತ್ತು ಅಂತ ಕೇಳಬೇಡಿ. ನನಗೆ ಹೇಳಿದವರನ್ನು ನಾನೂ ಕೇಳಿದ್ದೆ. ಗಾಳಿ ಬರುವ ಕಡೆ ಅಂದರು. ಗಾಳಿ ಎಲ್ಲಾ ಕಡೆಯಿಂದಲೂ ಬರುತ್ತದಲ್ಲಾ ಅಂದೆ. ಹಾಗಾದರೆ ಎಲ್ಲಾ ಕಡೆಗೂ ಇತ್ತು ಅಂದುಕೋ, ಬಾಯಿ ಮುಚ್ಚಿಕೊಂಡು ಕೇಳು ಅಂದರು. ನೀವೂ ಹಾಗೇ ಕೇಳಿ.

ಗುಡ್ಡದ ನೆತ್ತಿಯ ಮೇಲೆ ಕೂತ ಊರು ಅದು. ಅಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ, ಕುರಿ ಬದುಕುತ್ತಿರಲಿಲ್ಲ, ಮಗ್ಗದ ಸದ್ದು ಕೇಳಿದವರು ಯಾರೂ ಇಲ್ಲ. ಹೊಸ ಬಟ್ಟೆ ಅನ್ನುವ ಮಾತೇ ಅವರ ಬಾಯಲ್ಲಿಲ್ಲ. ಇದ್ದದ್ದು ಕೋಟು. ಒಬ್ಬರು ಹೋದರೆ ಅವರ ಕೋಟು ಇನ್ನೊಬ್ಬರ ಮೈಗೆ. ಕೂಸು ಹುಟ್ಟಿದರೆ ಯಾರೋ ಮುದುಕನ ಕೋಟು, ನಾಲ್ಕು ಸುತ್ತು ಸುತ್ತಿ. ಎಲ್ಲರದೂ ಇನ್ನೊಬ್ಬರು ತೊಟ್ಟು ಬಿಟ್ಟದ್ದೇ. ಅದರಲ್ಲಿ ನಾಚಿಕೆ ಏನು? ನಮ್ಮ ಹೆಸರು, ನಮ್ಮ ಮಾತು, ನಮ್ಮ ಮೂಗು, ಎಲ್ಲ ಇನ್ನೊಬ್ಬರು ತೊಟ್ಟು ಬಿಟ್ಟದ್ದೇ ತಾನೇ.

ಕೋಟಿನ ಹೊರಗಿನ ಬಟ್ಟೆ ಊರಿಗೆ ಕಾಣುವುದಕ್ಕೆ. ಒಳಗೆ ಮೈಗೆ ತಾಗಿಕೊಂಡು ತೆಳ್ಳಗೆ ಇನ್ನೊಂದು ಬಟ್ಟೆ ಇರುತ್ತದಲ್ಲ, ಅದಕ್ಕೆ ಅಸ್ತರ ಅಂತಾರೆ. ಚಳಿ ತಡೆಯುವುದು ಅದೇ. ಹೊರಗಿನದು ಹರಿದರೆ ಗೋಣಿಯ ತುಂಡು ಹಚ್ಚಿದರೂ ನಡೆಯುತ್ತಿತ್ತು. ಅಸ್ತರ ಹರಿದರೆ ಹಾಗಲ್ಲ. ಅಸ್ತರಕ್ಕೆ ಅಸ್ತರದ್ದೇ ತೇಪೆ ಬೇಕು, ಇನ್ನೊಬ್ಬರ ಕೋಟಿನ ಒಳಗಿಂದ ಕತ್ತರಿಸಿ ತೆಗೆದದ್ದು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯಿತು. ಹೀಗಾಗಿ ಊರಿಗೆಲ್ಲ ಒಂದೇ ಹರುಕು. ಅದು ಎಂದೂ ಮುಚ್ಚಿದ್ದಿಲ್ಲ, ಮನೆ ಬದಲಿಸುತ್ತಿತ್ತು ಅಷ್ಟೆ.

ಇನ್ನೂ ಕೇಳಿ. ಬೇಡಿ ತಂದ ತೇಪೆ ನಿಲ್ಲುತ್ತಿರಲಿಲ್ಲ. ಹೆದರಿಸಿ ತಂದದ್ದು ನಿಲ್ಲುತ್ತಿರಲಿಲ್ಲ. ಹರುಕು ಇದ್ದವರು ಬಾಯಿ ಬಿಟ್ಟು ಕೇಳುವ ಹಾಗೇ ಇಲ್ಲ. ಕೊಡುವವರು ತಾವಾಗಿ, ಮನಸ್ಸು ತುಂಬಿ, ಎಲ್ಲರ ಎದುರಿಗೆ ಹೇಳಬೇಕು: "ನನ್ನ ಒಳಗಿನದು ನಿನ್ನ ಒಳಗಿಗೆ. ಕೊಟ್ಟೆ." ಹಾಗೆ ಹೇಳುವವರು ಯಾರು ಹೇಳಿ? ಮಗುವಿಗೆ ತಾಯಿ ಹೇಳಿಯಾಳು. ತಾಯಿಗೆ ಅವಳ ತಾಯಿ ಹೇಳಿಯಾಳು. ಹರುಕು ಯಾವಾಗಲೂ ಮೇಲಕ್ಕೆ ಹತ್ತುತ್ತಾ ಹೋಗುತ್ತಿತ್ತು, ಅಕ್ಕರೆ ಪಡೆದವರ ಮೈಯಿಂದ ಅಕ್ಕರೆ ತೋರಿದವರ ಮೈಗೆ. ಕೊನೆಗೆ ಎಲ್ಲರನ್ನೂ ನೋಡಿಕೊಂಡು, ತನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲದವರ ಹತ್ತಿರ ಹೋಗಿ ನಿಲ್ಲುತ್ತಿತ್ತು.

ವರ್ಷಕ್ಕೊಮ್ಮೆ ದೊಡ್ಡ ಗಾಳಿ. ಆ ದಿನ ಮನೆಯೊಳಗೆ ಉಳಿಯುವ ಹಾಗಿಲ್ಲ. ಉಳಿದರೆ ಗಾಳಿ ಹುಡುಕಿಕೊಂಡು ಬಂದು ಮಾಡು ಕಿತ್ತು ಹಾಕುತ್ತಿತ್ತು. ಎಲ್ಲರೂ ಬಯಲಿಗೆ ಬಂದು ಸಾಲಾಗಿ ನಿಲ್ಲಬೇಕು. ಗಾಳಿ ಒಬ್ಬೊಬ್ಬರ ಕೋಟು ತಡವಿ ನೋಡುತ್ತಾ ಬರುತ್ತಿತ್ತು, ನಾವು ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. ಹರುಕು ಸಿಕ್ಕಿದಲ್ಲಿ ಒಳಗೆ ಹೊಕ್ಕಿತು. ಕೋಟು ಉಬ್ಬಿತು. ಮನುಷ್ಯರು ಅದರೊಳಗಿಂದ ಹೋಗಿಬಿಟ್ಟರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಬರಿಯ ಕೋಟು ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡು ಉಳಿಯುತ್ತಿತ್ತು. ವರ್ಷಕ್ಕೆ ಒಬ್ಬರು. ಒಬ್ಬರು ಸಿಕ್ಕರೆ ಗಾಳಿ ನಿಂತುಬಿಡುತ್ತಿತ್ತು.

ಹೀಗೆ ಎಷ್ಟು ವರ್ಷ ನಡೆಯಿತೋ. ವರ್ಷ ವರ್ಷ ಕೊಡುವ ಕೈ ಒಂದೊಂದಾಗಿ ಹೋಯಿತು. ತಗೊಳ್ಳುವ ಕೈ ಉಳಿಯಿತು.

ಆ ಊರಲ್ಲಿ ಒಬ್ಬಳು ಉಪ್ಪು ಮಾರುತ್ತಿದ್ದಳು. ಉಪ್ಪಿನಕ್ಕ ಅಂತ ಎಲ್ಲರೂ ಕರೆಯುತ್ತಿದ್ದರು. ಅವಳ ತಾಯಿ ಇವಳಿಗೇ ತೇಪೆ ಕೊಟ್ಟು ಗಾಳಿಗೆ ಹೋದವಳು. ಅಪ್ಪ ಆ ಕೊರಗಿಗೆ ಹೋದ. ಅಪ್ಪನ ಕೋಟು ತಮ್ಮನ ಮೈಗೆ ಬಂತು. ಅಕ್ಕ ತಮ್ಮನನ್ನು ಉಪ್ಪಿನ ಬುಟ್ಟಿಯ ಪಕ್ಕದಲ್ಲಿ ಕೂರಿಸಿಕೊಂಡು ಸಾಕಿದಳು. ಅವನು ಬೆಳೆದು ಊರ ಗಂಟೆ ಹೊಡೆಯುವವನಾದ. ದೊಡ್ಡ ಗಾಳಿ ಹೊರಟಿದ್ದು ಗೋಪುರದ ಮೇಲಿಂದ ಕಂಡ ಕೂಡಲೇ ಗಂಟೆ ಹೊಡೆದು ಊರಿಗೆ ತಿಳಿಸುವುದು ಅವನ ಕೆಲಸ. ಗಾಣದವಳ ಮಗಳ ಜೊತೆ ಮದುವೆ ಗೊತ್ತಾಗಿತ್ತು. ಗಾಳಿ ಕಳೆದ ಮೂರನೆಯ ದಿನಕ್ಕೆ ಮುಹೂರ್ತ.

ಗಾಳಿಗೆ ಇನ್ನು ಎಂಟು ದಿನ ಇದೆ ಅನ್ನುವಾಗ ಹಳೆಬಟ್ಟೆಯವನು ಗಂಟು ಹೊತ್ತುಕೊಂಡು ಗೋಪುರದ ಕೆಳಗೆ ಬಂದು ನಿಂತ.

"ಮದುಮಗಾ, ಕೆಳಗಿಳಿ. ನಿನ್ನ ಅಳತೆಗೇ ಹೊಲಿದಂಗಿದೆ ಒಂದು ಕೋಟು. ಇದನ್ನ ತೊಟ್ಟು ಹೋದರೆ ನಿಮ್ಮತ್ತೆ ಮನೆ ಗಾಣದೆತ್ತು ಸುತ್ತೋದು ಬಿಟ್ಟು ನಿನ್ನ ನೋಡಬೇಕು, ಹಂಗಿದೆ!"

ಕಡುನೀಲಿ ಕೋಟು. ಮಖಮಲ್ಲಿನ ಕಾಲರು. ಎರಡು ಸಾಲು ಹಿತ್ತಾಳೆ ಗುಂಡಿ. ಬೇಲಿಯ ಮುಳ್ಳಿನಿಂದ ಬಿಡಿಸಿಕೊಂಡ ಕೋಟಿಗೆ ಹಳೆಬಟ್ಟೆಯವನು ವರ್ಷ ವರ್ಷ ಕಾಲರು ಬದಲಿಸುತ್ತಿದ್ದ, ಗುಂಡಿ ಬದಲಿಸುತ್ತಿದ್ದ. ಒಳಗನ್ನು ಅವನೂ ತೋರಿಸುತ್ತಿರಲಿಲ್ಲ, ಕೊಳ್ಳುವವರೂ ನೋಡುತ್ತಿರಲಿಲ್ಲ. ಆ ಊರಲ್ಲಿ ಇನ್ನೊಬ್ಬರ ಕೋಟಿನ ಒಳಗೆ ಇಣುಕುವುದು ಅಂದರೆ ಬಚ್ಚಲುಮನೆಗೆ ಇಣುಕಿದಷ್ಟು ಹೇಸಿಗೆಯ ಮಾತು. ತೊಟ್ಟ ಮೇಲೆ ಅದು ತನ್ನದು, ಆಮೇಲೆ ನೋಡಬಹುದು. ತೊಡುವ ಮುಂಚೆ ನೋಡಿದವನು ಸಂಶಯದವನು, ಅವನಿಗೆ ಹೆಣ್ಣು ಕೊಡುವವರಿಲ್ಲ.

ಗಂಟೆಯವನು ಅಪ್ಪನ ಕೋಟು ಬಿಚ್ಚಿ ಕೊಟ್ಟ, ನೀಲಿ ಕೋಟು ತೊಟ್ಟ. ಹಳೆಬಟ್ಟೆಯವನು ಗಂಟು ಕಟ್ಟಿಕೊಂಡು ಇಳಿಜಾರಿನಲ್ಲಿ ಓಡಿದ. ಹಾವಾಡಿಗನ ಕೈಯಿಂದ ಬುಟ್ಟಿ ಬಿದ್ದಾಗ ಜನ ಓಡುತ್ತಾರಲ್ಲ, ಹಾಗೆ.

ಅಕ್ಕ ಉಪ್ಪು ಅಳೆಯುತ್ತಿದ್ದಳು. ತಮ್ಮ ಬಾಗಿಲಲ್ಲಿ ನಿಂತು ಒಂದು ಸುತ್ತು ತಿರುಗಿದ.

"ಹೆಂಗಿದೆ ಅಕ್ಕ?"

"ಮೆರವಣಿಗೆ ಕುದುರೆ ಹಂಗಿದೀಯ. ಅಪ್ಪನ ಕೋಟೆಲ್ಲೋ?"

"ಕೊಟ್ಟುಬಿಟ್ಟೆ. ಅದರ ಮೊಣಕೈ ನೋಡಿದೀಯಾ, ಬರೀ ಗೋಣಿ. ಅದನ್ನ ಹಾಕ್ಕೊಂಡು ಅವರ ಅಂಗಳಕ್ಕೆ ಹೋದರೆ ಹಿಂಡಿ ಹೊರೋಕೆ ಬಂದವನು ಅಂತಾರೆ."

"ಹಲ್ಲು ಯಾಕೋ ಕಟಕಟ ಅಂತಿದೆ?"

"ಖುಷಿಗೆ."

"ಖುಷಿಗೆ ಹಲ್ಲು ಕಡಿಯೋರನ್ನ ನಾನು ಕಂಡಿಲ್ಲ. ಬಾ ಇಲ್ಲಿ."

ಅವನಿಗೆ ಕೂಸಿನಿಂದ ಗುಂಡಿ ಹಾಕಿದವಳು, ಅವಳಿಗೇನು ಸಂಕೋಚ. ಕೋಟಿನೊಳಗೆ ಕೈಯಿಟ್ಟಳು. ಎಡಗಡೆ, ಕಂಕುಳಿನ ಕೆಳಗೆ, ಗೇಣುದ್ದ ಹರುಕು. ಕೈ ಅದರೊಳಗೆ ಇಳಿಯಿತು. ಹಳೇ ಬಾವಿಯೊಳಗೆ ಕೈ ಬಿಟ್ಟ ಹಾಗಾಯಿತು.

"ಅಯ್ಯೋ ತಮ್ಮಾ," ಅಂದಳು. "ಈ ವರ್ಷ ನಮ್ಮನೆಗೆ ಬಂತೇನೋ ಇದು."

ಬಂಡೆಯ ಮರೆಯಲ್ಲಿ ಒಬ್ಬ ಮುದುಕಿ ಕೂರುತ್ತಿದ್ದಳು, ಅಸ್ತರದಜ್ಜಿ. ಊರ ಅಸ್ತರಗಳನ್ನೆಲ್ಲ ಹೊಲಿಯುವವಳು ಅವಳೊಬ್ಬಳೇ. ಅವಳ ಸ್ವಂತ ಕೋಟಿಗೆ ಅಸ್ತರವೇ ಇರಬಾರದು ಅಂತ ಕಟ್ಟು. ಇದ್ದರೆ ದಿನಕ್ಕೊಬ್ಬರಿಗೆ ಕೊಟ್ಟುಬಿಟ್ಟಾಳು ಅಂತ ಹಿಂದಿನವರು ಮಾಡಿದ್ದು. ಅಸ್ತರವೇ ಇಲ್ಲದವಳಿಗೆ ಹರುಕೆಲ್ಲಿಂದ ಬಂತು? ಗಾಳಿ ಅವಳನ್ನು ಮುಟ್ಟುತ್ತಿರಲಿಲ್ಲ. ವರ್ಷವಿಡೀ ಮಡಿಲಲ್ಲಿ ಕೆಂಡದ ಮಡಕೆ ಇಟ್ಟುಕೊಂಡು ನಡುಗುತ್ತಾ ಹೊಲಿಯುತ್ತಿದ್ದಳು.

ಅಕ್ಕ ತಮ್ಮನನ್ನು ಕರೆದುಕೊಂಡು ಹೋದಳು. ಸುದ್ದಿ ಕೇಳಿ ಊರೂ ಬಂತು. ಗಾಣದವಳು ಮಗಳ ರಟ್ಟೆ ಹಿಡಿದುಕೊಂಡೇ ಬಂದಳು.

ಅಜ್ಜಿ ಕತ್ತರಿಯನ್ನು ಕಲ್ಲಿನ ಮೇಲಿಟ್ಟು ಕೇಳಿದಳು, "ಕೊಡುವವರಿದ್ದೀರಾ?"

ಜನ ಕೋಟಿನ ಗುಂಡಿ ಹಾಕಿಕೊಂಡರು.

"ಕೊಡುವವರಿದ್ದೀರಾ?"

ಗಾಣದವಳ ಮಗಳ ತುಟಿ ಅಲುಗಿತು. ತಾಯಿ ಅವಳ ರಟ್ಟೆ ಜಿಗುಟಿದಳು. "ಮುಚ್ಚೇ. ನೀನಿನ್ನೂ ಆ ಮನೆಯವಳಾಗಿಲ್ಲ. ಆದಮೇಲೆ ಕೊಡುವೆಯಂತೆ, ಅಸ್ತರ ಏನು, ತೊಗಲೇ ಸುಲಿದು ಕೊಡುವೆಯಂತೆ. ಈಗ ಅವನಿಗೆ ಒಡಹುಟ್ಟಿದೋಳಿಲ್ವಾ?"

ಅಜ್ಜಿ ಮೂರನೆಯ ಸಲ ಕೇಳುವ ಮೊದಲೇ ಉಪ್ಪಿನಕ್ಕ ಮುಂದೆ ಬಂದು ನಿಂತಿದ್ದಳು.

"ನನ್ನ ಒಳಗಿನದು ನಿನ್ನ ಒಳಗಿಗೆ. ಕೊಟ್ಟೆ."

ಕತ್ತರಿ ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿತು. ಅಕ್ಕನ ಅಸ್ತರದಿಂದ ಗೇಣುದ್ದದ ತುಂಡು ಅಜ್ಜಿಯ ಕೈಗೆ ಬಂತು. ಬೆಚ್ಚಗಿತ್ತು, ಹಂಚಿನಿಂದ ಈಗ ತೆಗೆದ ರೊಟ್ಟಿಯ ಹಾಗೆ. ಅಜ್ಜಿ ಹೊಲಿದಳು. ಒಳಗೆ ಹೋಯಿತು ಸೂಜಿ, ಹೊರಗೆ ಬಂತು. ಒಳಗೆ ಹೋಯಿತು, ಹೊರಗೆ ಬಂತು. ಕೊನೆಯ ಗಂಟು ಹಾಕಿ ಕೇಳಿದಳು.

"ನಿಂತಿತೇ?"

"ನಿಂತಿತು," ಅಂದ ತಮ್ಮ.

"ನಿಂತಿತೇ?"

"ನಿಂತಿತು."

"ನಿಂತಿತೇ?"

"ನಿಂತಿತಜ್ಜಿ, ನಿಂತಿತು."

ಮೂರು ಸಲ ಕೇಳಬೇಕು, ಮೂರು ಸಲ ಹೇಳಬೇಕು. ಹೇಳಿದ ಮೇಲೆ ಯಾರೂ ಬಿಚ್ಚಿ ನೋಡುವ ಹಾಗಿಲ್ಲ.

ಮನೆಗೆ ಹೋಗುವಾಗ ತಮ್ಮ ಹೇಳಿದ, "ಅಕ್ಕ, ಎಷ್ಟು ಬೆಚ್ಚಗಿದೆ ಗೊತ್ತಾ!"

"ಗೊತ್ತಿಲ್ದೆ ಏನೋ. ಇಷ್ಟು ದಿನ ನಂದೇ ಅಲ್ವಾ," ಅಂದಳು ಅಕ್ಕ. ಅವಳ ಹಲ್ಲು ಆಗಲೇ ಕಟಕಟ ಅನ್ನುತ್ತಿತ್ತು.

ಇನ್ನು ಏಳು ದಿನ. ಅಕ್ಕ ದಿನವೂ ಬುಟ್ಟಿ ಹೊತ್ತು ಮನೆಮನೆಗೆ ಉಪ್ಪು ಮಾರಲು ಹೋದಳು. ಕೇಳುವ ಹಾಗಿಲ್ಲ. ಆದರೆ ಬಾಗಿಲಲ್ಲಿ ನಿಲ್ಲಬಹುದಲ್ಲ. ಉಪ್ಪು ಅಳೆದ ಮೇಲೂ ಅರೆಗಳಿಗೆ ನಿಲ್ಲುತ್ತಿದ್ದಳು.

ಊರವರು ಕೆಟ್ಟವರಲ್ಲ ಕಣ್ರೇ. ಕೆಟ್ಟವರಾಗಿದ್ದರೆ ಕತೆ ಸುಲಭವಾಗಿತ್ತು.

ಒಂದು ಮನೆಯಲ್ಲಿ, "ಬಾರಕ್ಕ, ಬಿಸಿ ಗಂಜಿ ಕುಡಿದು ಹೋಗು," ಅಂದರು. ಕುಡಿದಳು. ನಿಂತಳು. ಬುಟ್ಟಿ ಎತ್ತಿಕೊಂಡಳು.

ಇನ್ನೊಂದು ಮನೆಯಲ್ಲಿ, "ಒಲೆ ಮುಂದೆ ಕೂತ್ಕೋ, ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ," ಅಂದರು. ಕೂತಳು. ಎದ್ದಳು. ಬುಟ್ಟಿ ಎತ್ತಿಕೊಂಡಳು.

ಮತ್ತೊಂದು ಮನೆಯಲ್ಲಿ ಒಬ್ಬಳು ಇವಳ ಕೆನ್ನೆ ಸವರಿ ಅತ್ತೇಬಿಟ್ಟಳು. "ನಿನ್ನಂಥೋಳು ಇನ್ನು ಹುಟ್ಟಲ್ಲ ಕಣಕ್ಕ. ನನ್ನ ಮೂರು ಬಾಣಂತನ ನೀನೇ ಮಾಡಿದೀಯ, ಮರೀತೀನಾ?" ಅಂದಳು. ಅಕ್ಕ ಕಾದಳು. ಅವಳು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, "ಅರ್ಧ ಸೇರು ಜಾಸ್ತಿನೇ ಹಾಕು, ಆಮೇಲೆ ಸಿಗುತ್ತೋ ಇಲ್ವೋ," ಅಂದಳು.

ಎಲ್ಲಾ ಮಾತೂ ಇತ್ತು ಆ ಊರಲ್ಲಿ. ಒಂದು ಮಾತು ಇರಲಿಲ್ಲ.

ತಮ್ಮ ದಿನವೂ ಬಂದ. ಮೊದಲನೆಯ ದಿನ ಸೌದೆ ತಂದ. ಎರಡನೆಯ ದಿನ ಬೆಲ್ಲ ತಂದ. ಮೂರನೆಯ ದಿನ ಬಾಗಿಲ ಸಂದಿಗೆ ಮಣ್ಣು ಮೆತ್ತಿ ಗಾಳಿ ಬರದ ಹಾಗೆ ಮಾಡಿದ. ನಾಲ್ಕನೆಯ ದಿನ ಬರಿಗೈಯಲ್ಲಿ ಬಂದು ಅಕ್ಕನ ಎದುರು ಕೂತ. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಅವನ ಬಾಯನ್ನೇ ನೋಡಿದಳು.

"ಅಕ್ಕ," ಅಂದ.

"ಹೇಳು ಮರಿ."

"ಏನಿಲ್ಲ. ಉಪ್ಪು ಚೆನ್ನಾಗಿ ಹೋಗ್ತಿದೆಯಾ?"

"ಹೋಗ್ತಿದೆ," ಅಂದಳು. ಮತ್ತೆ ರೊಟ್ಟಿ ಬಡಿದಳು.

ಐದನೆಯ ದಿನ ಅವಳು ಅಸ್ತರದಜ್ಜಿಯ ಹತ್ತಿರ ಹೋದಳು. ಇಬ್ಬರೂ ಒಂದೇ ಕೆಂಡದ ಮಡಕೆಗೆ ಕೈಯೊಡ್ಡಿ ಕೂತರು.

"ಕೇಳಬಾರದು ಅಂತ ಕಟ್ಟು. ಅಳಬಾರದು ಅಂತಿಲ್ವಲ್ಲ," ಅಂದಳು ಅಜ್ಜಿ. "ಹೋಗಿ ಅವನ ಮುಂದೆ ಒಂದು ಸಲ ಅಳೇ."

"ಅತ್ತು ತಗೊಂಡದ್ದು ನಿಲ್ಲುತ್ತಾ ಅಜ್ಜಿ?"

"ಇಲ್ಲ."

"ಮತ್ತೆ ಯಾಕೆ ಹೇಳ್ತೀಯ?"

"ಸುಮ್ಮನೆ ಹೇಳಿದೆ. ಎಷ್ಟು ಹೊತ್ತು ಅಂತ ಸುಮ್ಮನಿರಲಿ?"

ಅಕ್ಕ ಕೆಂಡ ನೋಡುತ್ತಾ ಹೇಳಿದಳು, "ಎಲ್ರೂ ನನ್ನ ದೊಡ್ಡೋಳು ಅಂತಾರೆ ಅಜ್ಜಿ. ನಾನು ದೊಡ್ಡೋಳಲ್ಲ. ನನಗೆ ಹೋಗೋಕೆ ಇಷ್ಟ ಇಲ್ಲ. ಅವನ ಮದುವೆ ನೋಡಬೇಕು. ಚಪ್ಪರದಲ್ಲಿ ಮೊದಲ ಪಂಕ್ತಿಗೆ ಕೂತು, ಹೊಟ್ಟೆ ತುಂಬ ಉಂಡು, ಸಾರಿಗೆ ಉಪ್ಪು ಕಮ್ಮಿ ಅಂತ ಗಾಣದೋಳ ಜೊತೆ ಜಗಳ ತೆಗೀಬೇಕು. ಅಷ್ಟಾದ್ರೆ ಸಾಕಿತ್ತು."

"ಅವನು ಕೊಡ್ತಾನೆ ಕಣೇ. ನೀನು ಸಾಕಿದ ಮಗ ಅವನು."

"ಕೊಟ್ಟರೆ ಅವನಿಗೆ ಹರುಕು ಬರುತ್ತೆ. ಅದೂ ಗೊತ್ತು ನನಗೆ. ಆದ್ರೂ ಅವನ ಬಾಯಲ್ಲಿ ಒಂದು ಸಲ ಕೇಳಬೇಕು ಅನ್ನಿಸುತ್ತೆ. ಕೇಳಿದ ಮೇಲೆ ಏನು ಮಾಡ್ತೀನೋ ನನಗೇ ಗೊತ್ತಿಲ್ಲ."

ಆರನೆಯ ದಿನವೂ ಕಳೆಯಿತು.

ಏಳನೆಯ ದಿನ ಬೆಳಗ್ಗೆ ಗಂಟೆ ಹೊಡೆಯಿತು. ಹೊಡೆದವನು ಅವಳ ತಮ್ಮನೇ. ದೂರದಲ್ಲಿ ಆಕಾಶದ ಅಂಚು ಹಳದಿಯಾಗಿತ್ತು. ಊರೆಲ್ಲ ಬಯಲಿಗೆ ಬಂದು ಸಾಲಾಗಿ ನಿಂತಿತು. ಗೋಪುರದಿಂದ ಇಳಿದು ಅವನೂ ಬಂದು ಅಕ್ಕನ ಪಕ್ಕಕ್ಕೆ ನಿಂತ. ಅಸ್ತರದಜ್ಜಿ ಕತ್ತರಿ, ಸೂಜಿ ಹಿಡಿದು ಎದುರಿಗೆ ಬಂದಳು. ಗಾಳಿ ಬರುವ ಮುಂಚೆ ಕೊನೆಯದಾಗಿ ಒಂದು ಸಲ ಕೇಳುವುದು ಪದ್ಧತಿ.

"ಕೊಡುವವರಿದ್ದೀರಾ?"

ಜನ ನೆಲ ನೋಡಿದರು.

"ಕೊಡುವವರಿದ್ದೀರಾ?"

ನೆಲ ನೋಡುತ್ತಿದ್ದವರು ಮೆಲ್ಲಗೆ ಕತ್ತೆತ್ತಿದರು. ಎತ್ತಿ ಗಂಟೆಯವನನ್ನು ನೋಡಿದರು. ಮೊದಲು ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ಇಡೀ ಸಾಲು. ಗಾಣದವಳೂ ನೋಡಿದಳು. ಪಕ್ಕದವಳ ಹತ್ತಿರ, ಅವನಿಗೆ ಕೇಳುವಷ್ಟು ಮೆಲ್ಲಗೆ, "ಸಾಕಿದೋಳಿಗೇ ಇಷ್ಟೂ ಮಾಡದೋನು ನಾಳೆ ನನ್ನ ಮಗಳಿಗೆ ಏನು ಮಾಡ್ಯಾನು," ಅಂದಳು.

ಅಜ್ಜಿ ಬಾಯಿ ತೆರೆದಳು, ಮೂರನೆಯ ಸಲ ಕೇಳುವುದಕ್ಕೆ.

"ನನ್ನ ಒಳಗಿನದು ನಿನ್ನ ಒಳಗಿಗೆ," ಅಂದ ಗಂಟೆಯವನು. ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲೇ ಇತ್ತು. "ಕೊಟ್ಟೆ."

ಜನ ಹೋ ಅಂದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಆ ಒಂದು ಗಳಿಗೆ ಅವಳಿಗೆ ಚಳಿಯೇ ಇರಲಿಲ್ಲ.

ಅಜ್ಜಿ ಅವನ ಅಸ್ತರಕ್ಕೆ ಕತ್ತರಿ ಹಾಕಿದಳು. ಕತ್ತರಿ ಆಡಲಿಲ್ಲ. ಹಸಿ ತೊಗಲು ಕತ್ತರಿಸಿದ ಹಾಗೆ ಒತ್ತಿ ಒತ್ತಿ ಕತ್ತರಿಸಬೇಕಾಯಿತು. ತುಂಡು ಕೈಗೆ ಬಂತು. ಹೊಳೆಯ ಕಲ್ಲಿನ ಹಾಗೆ ತಣ್ಣಗಿತ್ತು. ನಲವತ್ತು ವರ್ಷದಲ್ಲಿ ಅಜ್ಜಿ ಅಂಥ ತುಂಡು ಮುಟ್ಟಿರಲಿಲ್ಲ. ಅವನ ಮುಖ ನೋಡಿದಳು. ಆ ಮುಖದಲ್ಲಿ ಒಂದೇ ಬೇಡಿಕೆ ಇತ್ತು: ನಿಲ್ಲದಿರಲಿ ದೇವರೇ, ನಿಲ್ಲದಿರಲಿ.

ಅಜ್ಜಿ ಅಕ್ಕನ ಕೋಟಿನೊಳಗೆ ಕೈಯಿಟ್ಟು ಹೊಲಿದಳು. ಒಂದು ಹೊಲಿಗೆ ಹಾಕಿದಳು, ಹಿಂದಿನದು ಬಿಟ್ಟುಕೊಂಡಿತು. ಮತ್ತೊಂದು ಹಾಕಿದಳು, ಅದೂ ಬಿಟ್ಟುಕೊಂಡಿತು. ಹೊಲಿಗೆ ಬಿಡುವ ಸದ್ದು ಇಬ್ಬರಿಗೇ ಕೇಳುತ್ತಿತ್ತು, ಹೊಲಿಯುವವಳಿಗೆ ಮತ್ತು ತೊಟ್ಟವಳಿಗೆ. ಪಟ್. ಪಟ್. ಪಟ್.

ಅಕ್ಕ ಅಜ್ಜಿಯನ್ನು ನೋಡಿದಳು. ಅಜ್ಜಿ ಅಕ್ಕನನ್ನು ನೋಡಿದಳು.

ತೇಪೆ ನಿಲ್ಲದವನ ಗತಿ ಆ ಊರಲ್ಲಿ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಬಾಯಲ್ಲಿ ಕೊಟ್ಟು ಮನಸ್ಸಲ್ಲಿ ಕೊಡದವನಿಗೆ ಯಾರೂ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ, ಹೆಣ್ಣಂತೂ ಇಲ್ಲವೇ ಇಲ್ಲ.

ಅಕ್ಕ ಎಡಗೈಯನ್ನು ಕೋಟಿನೊಳಗೆ ಇಳಿಸಿದಳು. ಬಿಟ್ಟುಕೊಂಡ ತೇಪೆಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ನಿಂತಿತೇ?" ಅಂದಳು ಅಜ್ಜಿ. ಅವಳ ದನಿ ಅವಳಿಗೇ ಕೇಳಲಿಲ್ಲ.

"ನಿಂತಿತು," ಅಂದಳು ಅಕ್ಕ.

"ನಿಂತಿತೇ?"

"ನಿಂತಿತು."

"ನಿಂತಿತೇನೇ, ಮಗಳೇ?"

"ನನ್ನ ತಮ್ಮ ಕೊಟ್ಟದ್ದು ನಿಲ್ಲದೆ ಇರುತ್ತಾ ಅಜ್ಜಿ? ನಿಂತಿತು."

ಜನ ಮತ್ತೆ ಹೋ ಅಂದರು. ಗಾಣದವಳು, "ಏನೇ ಅನ್ನಿ, ನನ್ನ ಅಳಿಯ," ಅಂದಳು. ತಮ್ಮನ ಮುಖ ಬೂದಿಯಾಯಿತು. ನಿಂತೇಬಿಟ್ಟಿತು, ಇನ್ನು ಗಾಳಿ ನನ್ನನ್ನೇ ಒಯ್ಯುತ್ತದೆ ಅಂತ ಅವನು ನಂಬಿದ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಅಕ್ಕ ಬಲಗೈಯಿಂದ ಅವನ ತಲೆ ಸವರಿದಳು. "ಏಳೋ. ಮದುಮಗ ಹಂಗೆಲ್ಲ ನೆಲದಲ್ಲಿ ಕೂರಬಾರದು, ಕೋಟು ಮಣ್ಣಾಗುತ್ತೆ."

ಆಮೇಲೆ ಅವನ ಪಕ್ಕ ಬಿಟ್ಟು ನಡೆದಳು. ಗಾಳಿ ಯಾವ ಕಡೆಯಿಂದ ಬರುತ್ತಿತ್ತೋ ಆ ತುದಿಗೆ, ಸಾಲಿನ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಗಾಳಿ ಬಂತು. ಮೊದಲು ಸಿಕ್ಕಿದವಳೇ ಅವಳು.

ಗಾಳಿ ನಿಂತಿತು. ಬೇಲಿಯ ಮುಳ್ಳಿನಲ್ಲಿ ಅವಳ ಕೋಟು ಸಿಕ್ಕಿಕೊಂಡಿತ್ತು.

ಜನ ಏನು ಹೇಳಿದರು ಗೊತ್ತೇ? ಗಾಳಿಗೆ ವಯಸ್ಸಾಯಿತು, ಈ ವರ್ಷ ಆಳು ತಪ್ಪಿತು ಅಂದರು. ಗಂಟೆಯವನು ಕಣ್ಣುಬಿಟ್ಟು ನೋಡಿದ. ತಾನು ಇದ್ದ. ಅಕ್ಕ ಇರಲಿಲ್ಲ. ಆಗ ಅವನಿಗೆ ತಿಳಿಯಿತು. ತಿಳಿದದ್ದನ್ನು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಮದುವೆಯಾಯಿತು. ಊಟಕ್ಕೆ ಕೂತವರು ಸಾರಿಗೆ ಉಪ್ಪಿಲ್ಲ ಅಂದರು. ಉಪ್ಪು ತರುವವರು ಇರಲಿಲ್ಲ.

ಆದರೆ ಲೆಕ್ಕ ತಪ್ಪಿತ್ತು. ಮುಳ್ಳಿನ ಮೇಲಿದ್ದ ಕೋಟಿನಲ್ಲಿ ಒಂದು ಹರುಕು. ಗಂಟೆಯವನ ಕೋಟಿನಲ್ಲಿ, ಅಜ್ಜಿ ಕತ್ತರಿಸಿದ ಕಡೆ, ಇನ್ನೊಂದು. ಆ ಊರು ಹುಟ್ಟಿದಾಗಿನಿಂದ ಒಂದೇ ಇದ್ದದ್ದು ಎರಡಾಯಿತು.

ಅವನ ಹೆಂಡತಿ ಊರ ಮುಂದೆ ನಿಂತು, "ನನ್ನ ಒಳಗಿನದು ನಿಮ್ಮ ಒಳಗಿಗೆ, ಕೊಟ್ಟೆ," ಅಂದಳು. ಹೊಸದಾಗಿ ಮದುವೆಯಾದವಳು ಅನ್ನದೆ ಇದ್ದರೆ ಚೆನ್ನಾಗಿರುತ್ತದೆಯೇ? ತುಂಡು ತಣ್ಣಗಿತ್ತು. ಅವನು ಎಡಗೈಯಿಂದ ಒತ್ತಿ ಹಿಡಿದು ನಿಂತಿತು ಅಂದ, ಅಕ್ಕ ಹೇಳಿದ ಹಾಗೇ. ಮೂರಾಯಿತು. ಗಾಣದವಳು ಮಗಳಿಗೆ ಕೊಟ್ಟಳು, ನಾಲ್ಕು ಜನ ನೋಡುವಾಗ. ಮಗಳೂ ಒತ್ತಿ ಹಿಡಿದಳು. ನಿಂತಿತು ಅಂದಳು. ಆಮೇಲೆ ಎಣಿಸುವವರು ಯಾರು? ಹಿಂದೆ ನಿಜವಾಗಿ ಕೊಡುವವರು ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಾದರೂ ಇರುತ್ತಿದ್ದರು. ಈಗ ಎಲ್ಲರೂ ಕೊಡುತ್ತಿದ್ದರು. ಸುಳ್ಳು ಕೊಡುವುದು, ಸುಳ್ಳು ಪಡೆಯುವುದು, ಎರಡೂ ಬಲು ಸುಲಭ ಅಂತ ಊರಿಗೆ ತಿಳಿದುಹೋಗಿತ್ತು. ಅಷ್ಟು ಕೊಡುವ ಊರು ಸುತ್ತ ಎಲ್ಲೂ ಇರಲಿಲ್ಲ.

ಕೆಲವು ವರ್ಷಕ್ಕೆ ಹರುಕಿಲ್ಲದ ಕೋಟೇ ಉಳಿಯಲಿಲ್ಲ. ಬೀದಿಯಲ್ಲಿ ನೋಡಿದರೆ ಎಲ್ಲರದೂ ಎಡಗೈ ಕೋಟಿನೊಳಗೆ. ಒಂದೇ ಕೈಯಲ್ಲಿ ಗಾಣ ತಿರುಗಿಸುತ್ತಿದ್ದರು, ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದರು, ಒಂದೇ ಕೈಯಲ್ಲಿ ಕೂಸು ಎತ್ತುತ್ತಿದ್ದರು. ಏನಾಯಿತು ಕೈಗೆ ಅಂತ ಕೇಳಿದರೆ, ಏನಿಲ್ಲ ಅನ್ನುತ್ತಿದ್ದರು. ಗಾಳಿ ವರ್ಷಕ್ಕೊಮ್ಮೆ ಬಂದು ಕೈಗೆ ಸಿಕ್ಕಿದವರನ್ನು ಒಯ್ಯುತ್ತಿತ್ತು. ಅದಕ್ಕೆ ತಡವಿ ನೋಡುವ ಕೆಲಸವೇ ತಪ್ಪಿತು.

ಅಸ್ತರದಜ್ಜಿಗೆ ಕಣ್ಣು ಹೋಗಿತ್ತು. ಒಂದು ದಿನ ಮಧ್ಯಾಹ್ನ ಅವಳಿಗೆ ಏನನ್ನಿಸಿತೋ, ಎದ್ದಳು. ಅವತ್ತು ಬಯಲಿನಲ್ಲಿ ತೇಪೆ ನಿಲ್ಲಲಿಲ್ಲ ಅಂತ ತಾನು ಹೇಳಬೇಕಿತ್ತು, ಹೇಳಲಿಲ್ಲ. ಸಾಯುವುದರೊಳಗೆ ಒಂದಾದರೂ ಹರುಕು ಸರಿಯಾಗಿ ಹೊಲಿಯಬೇಕು ಅಂದುಕೊಂಡಳು. ಸೂಜಿಗೆ ದಾರ ಪೋಣಿಸಲು ಕಣ್ಣಿಲ್ಲ. ಗೋಡೆ ಹಿಡಿದುಕೊಂಡು ಮನೆಮನೆಗೆ ಹೋದಳು.

"ಇದಕ್ಕೊಂದು ದಾರ ಪೋಣಿಸಿ ಕೊಡ್ರವ್ವಾ."

"ಒಂದು ಕೈಯಲ್ಲಿ ಹೆಂಗಜ್ಜಿ ಪೋಣಿಸೋದು?"

"ಇನ್ನೊಂದು ಕೈ?"

ಬಾಗಿಲು ಮುಚ್ಚುತ್ತಿದ್ದರು.

ಕೊನೆಗೆ ಗೋಪುರದ ಕೆಳಗೆ ಬಂದಳು. ಗಂಟೆಯವನು ಮೆಟ್ಟಿಲ ಮೇಲೆ ಕೂತಿದ್ದ. ಅವನ ತಲೆಯೂ ನರೆತಿತ್ತು. ಹೆಂಡತಿಯನ್ನು ಗಾಳಿ ಒಯ್ದು ಮೂರು ವರ್ಷವಾಗಿತ್ತು.

"ಯಾರು?" ಅಂದಳು ಅಜ್ಜಿ.

"ನಾನು ಅಜ್ಜಿ. ಉಪ್ಪಿನಕ್ಕನ ತಮ್ಮ."

"ನೀನೇನಪ್ಪಾ. ಒಳ್ಳೇದಾಯ್ತು, ನಿಂದೇ ಮೊದಲು ಹೊಲೀಬೇಕಿತ್ತು. ದಾರ ಪೋಣಿಸಿ ಕೊಡು."

ಅವನ ಎಡಗೈ ಕೋಟಿನೊಳಗೆ ಅಲುಗಿತು. ತೆಗೆಯಬೇಕು ಅಂದುಕೊಂಡ. ಒಂದು ಬೆರಳು ಸಡಿಲಿಸಿದ ಕೂಡಲೇ ಚಳಿ ಎದೆಗೆ ಬಂತು. ಮತ್ತೆ ಒತ್ತಿ ಹಿಡಿದ. ಬಲಗೈಯನ್ನು ಮುಂದೆ ಚಾಚಿದ.

"ಸೂಜಿ ನಾನು ಹಿಡೀತೀನಿ ಅಜ್ಜಿ. ದಾರ ನೀನು ತಾ."

ಅವನು ಸೂಜಿ ಹಿಡಿದ. ಅವಳು ದಾರದ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿ ಚೂಪು ಮಾಡಿದಳು. ಅವಳಿಗೆ ಕಣ್ಣಿಲ್ಲ, ಅವನಿಗೆ ಕೈಯಿಲ್ಲ. ಸೂಜಿ ನಡುಗಿತು, ದಾರ ನಡುಗಿತು. ದಾರ ಈ ಪಕ್ಕಕ್ಕೆ ತಾಗಿತು, ಆ ಪಕ್ಕಕ್ಕೆ ತಾಗಿತು. ಮತ್ತೆ ಒದ್ದೆ ಮಾಡಿದಳು. ಮತ್ತೆ ಈ ಪಕ್ಕ. ಮತ್ತೆ ಆ ಪಕ್ಕ. ನೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು.

"ಹೋಯ್ತೇನಪ್ಪಾ?" ಅಂದಳು ಅಜ್ಜಿ.

ಅವನು ಸೂಜಿಯ ಕಣ್ಣು ನೋಡಿದ. ಅದರ ಆ ಕಡೆಗೆ ಆಕಾಶ ಕಾಣುತ್ತಿತ್ತು.

"ಹೋಯ್ತಜ್ಜಿ," ಅಂದ.

ಸೂಜಿಯನ್ನು ಅವಳ ಕೈಗೆ ಕೊಟ್ಟ. ನಲವತ್ತು ವರ್ಷಕ್ಕೂ ಮೇಲೆ ಹೊಲಿದ ಬೆರಳಿಗೆ ದಾರವಿದೆಯೋ ಇಲ್ಲವೋ ತಿಳಿಯದೆ ಇರುತ್ತದೆಯೇ? ತಿಳಿಯಿತು. ಅವಳು ಅವನ ಕೋಟಿನ ಅಂಚು ಹುಡುಕಿ ಹಿಡಿದು, "ಅಲುಗಬೇಡ, ಚುಚ್ಚೀತು," ಅಂದಳು.

ಒಳಗೆ ಹೋಯಿತು ಸೂಜಿ, ಹೊರಗೆ ಬಂತು. ಒಳಗೆ ಹೋಯಿತು, ಹೊರಗೆ ಬಂತು. ಬೆಳಕಿರುವವರೆಗೂ ಹೊಲಿದಳು. ಅವನು ಅಲುಗದೆ ಕೂತಿದ್ದ.